ಹುಸೇನಬಿಯ ಚೂಪು ಬಾಡಿ

ಇಳಕಲ್ಲಿನಲ್ಲಿ ಹೆಂಗಸರ ಒಳಉಡುಪು ಹೊಲಿಯುವ ಹುಸೇನಬಿಯ ಬಾಗಿಲಲ್ಲಿ ಗಂಡಸಿನ ನೆರಳು ಬಿದ್ದರೆ ಸಾಕು, ಅವಳ ಕೈಯಲ್ಲಿದ್ದ ಬಾಡಿ "ತಲಿದಿಂಬಿನ ಚೀಲ ರೀ" ಆಗಿಬಿಡುತ್ತದೆ. ಹೊಲಿದದ್ದನ್ನು ಹಳೆ ಪೇಪರಿನಲ್ಲಿ ಸುತ್ತಿ, ಜಂಪರಿನ ಮಡಿಕೆಯೊಳಗಿಟ್ಟು ಕೊಡುವುದು ಅವಳ ಪದ್ಧತಿ. ಬಂಗಾರದಂಗಡಿಯಲ್ಲೂ ಇಷ್ಟು ಜೋಪಾನವಿಲ್ಲ. ಈಗ ಹುನಗುಂದ, ಬಾಗಲಕೋಟೆಯ ಕಾಲೇಜು ಹುಡುಗಿಯರು ಅಜ್ಜಿಯರ ಕಾಲದ, ಎದೆಭಾಗ ಮೊನಚಾದ ಆ ಚೂಪು ಬಾಡಿಯನ್ನು ಫೋನಿನಲ್ಲಿ ನೋಡಿ ಬಂದು, ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಹೊಲಿಸಿಕೊಂಡು, ಅಂಗಿಯ ಮೇಲೆಯೇ ಹಾಕುತ್ತಾರೆ. "ಮ್ಯಾಲ ಹಾಕ್ಕೊಳ್ಳೂದಿದ್ರ ನಾ ಇಷ್ಟು ವರ್ಷ ಮುಚ್ಚಿಟ್ಟಿದ್ದು ಯಾಕವಾ?" ಎಂದು ಬೈಯುತ್ತಲೇ, ಚೂಪಿನ ತುದಿಯವರೆಗೆ ಬಸವನಹುಳುವಿನ ಚಿಪ್ಪಿನಂತೆ ಸುತ್ತುಸುತ್ತಾಗಿ, ಒಂದೆಳೆ ತಪ್ಪದಂತೆ ಹೊಲಿಗೆ ಹಾಕುತ್ತಾಳೆ. ಊರೆಲ್ಲ ರೆಡಿಮೇಡಿಗೆ ಹೋದಾಗಲೂ ಅವಳು ಈ ಕಟಿಂಗ್ ಬಿಟ್ಟಿರಲಿಲ್ಲ. ಮೊನ್ನೆ ಸುಶ್ಮಿತಾ ಎಂಬ ಹುಡುಗಿ ಮೇಜಿನ ಮೇಲಿದ್ದ ಬಾಡಿಯನ್ನು ಬೆರಳಿನಿಂದ ಒತ್ತಿ, "ಒಳಗ ಏನೂ ಇಲ್ದ ಹೆಂಗ ನಿಂತೈತಿಬೇ ಇದು?" ಎಂದು ಬೆರಗಾದಳು. ಹುಸೇನಬಿ ಆ ದಿನ ಬಾಗಿಲ ಕಡೆ ನೋಡದೆಯೇ ಮಾತಾಡಿದಳು. "ದವಾಖಾನ್ಯಾಗ ನಂದೊಂದು ಎದಿ ತಗದಾರವಾ. ಅಲ್ಲಿಂದ ಬಂದಾಗಿಂದ ನಾ ಇದನ್ನ ಹಾಕ್ಕೋತೇನಿ." ಆಮೇಲೆ ಸೆರಗು ಸರಿಪಡಿಸಿ ನೆಟ್ಟಗೆ ಕುಳಿತಳು. "ಯಾವ ಕಡೀದು ಅಂತ ನೀನ ಹೇಳು ನೋಡೂನು."