ಹಾಯಿ ಮಡಚಿದ ಸಾಬರು

ಮೊನ್ನೆ ಮೊಮ್ಮಗ ಲಾರಿಯ ತಾಡಪತ್ರಿಯನ್ನು ಅಂಗಳದಲ್ಲಿ ಹರಡಿದ್ದ. ಮಳೆಗೆ ನೆನೆದ ದಪ್ಪ ಬಟ್ಟೆ, ಅದರ ಎಣ್ಣೆವಾಸನೆ... ಹೊಸ್ತಿಲಲ್ಲೇ ನಿಂತುಬಿಟ್ಟೆ. ಗೋವಿನಕೋವಿಯ ದೋಣಿ ಸಾಬರ ಹಾಯಿಗೂ ಇದೇ ವಾಸನೆಯಿತ್ತು.

ಅವರು ನನ್ನ ತವರಿನ ಓಣಿಯವರೇ. ಚಿಕ್ಕಂದಿನಲ್ಲಿ ಮುಂಬಯಿಗೆ ಹೋಗಿ, ಸಮುದ್ರದ ಹಾಯಿದೋಣಿಗಳಲ್ಲಿ ದುಡಿದು, ಮಹಾಯುದ್ಧ ಶುರುವಾದ ಮೇಲೆ ತಿರುಗಿ ಬಂದಿದ್ದರು. ಹರಿಗೋಲು ಬಿಟ್ಟು ಬೇರೇನೂ ಕಾಣದ ನಮ್ಮ ಹೊಳೆಗೆ ಹಾಯಿ ಕಟ್ಟಿದ ದೋಣಿ ಇಳಿಸಿದರು. ಜನ ಹತ್ತುತ್ತಿದ್ದರು, ನಂಬುತ್ತಿರಲಿಲ್ಲ. ಏನೋ ಮಾಡಿ ಓಡಿಬಂದಿದ್ದಾನೆ ಎಂದರು ಕೆಲವರು. ವೈರಿಗಳ ಕಡೆಯವನು ಎಂದರು ಇನ್ನು ಕೆಲವರು. ಸಾಬರು ಮಾತೇ ಆಡುತ್ತಿರಲಿಲ್ಲ. ಅದಕ್ಕೇ ನನಗೂ ಅನುಮಾನ.

ಬಾಣಂತನ ಮುಗಿಸಿದ ನನ್ನನ್ನೂ ಕೂಸನ್ನೂ ಕರೆದೊಯ್ಯಲು ಅತ್ತೆ ಬಂದಿದ್ದರು. ಆಚೆ ದಡದಲ್ಲಿ ನನ್ನ ಗಂಡ ಗಾಡಿ ಹೂಡಿಕೊಂಡು ಕಾಯುತ್ತಿದ್ದರು. ದೋಣಿಯಲ್ಲಿ ನಾವಲ್ಲದೆ ಬೇರೆ ಯಾರೂ ಇರಲಿಲ್ಲ. ನಡುಹೊಳೆಗೆ ಬರುವ ಮುಂಚೆಯೇ ಸಾಬರು ಪಡುವಣದ ಮೋಡ ನೋಡಿದರು. ಹಾಯಿಯನ್ನು ಅರ್ಧಕ್ಕಿಳಿಸಿ, ಅಡಿಭಾಗವನ್ನು ಮಡಚಿ, ಬಟ್ಟೆಗೆ ಸಾಲಾಗಿ ಹೊಲಿದಿದ್ದ ತುಂಡು ಹಗ್ಗಗಳಿಂದ ಬಿಗಿದರು. ದೋಣಿ ನಿಧಾನವಾಯಿತು.

"ಯಾಕ್ರೀ, ಗಾಳಿ ಬರೋ ಹೊತ್ನಾಗೆ ಬಟ್ಟೆ ಮಡಚ್ತೀರಿ? ಬೇಗ ಹೋಗಾಕೆ ಮನಸಿಲ್ವಾ?" ಎಂದರು ಅತ್ತೆ.

"ಹಿಂಗೇ ಸರಿ ಐತವ್ವಾ, ಕೂತ್ಕಳ್ರಿ," ಎಂದರಷ್ಟೆ ಸಾಬರು. ಆಮೇಲೆ ಗಾಡಿ ನಿಂತಿದ್ದ ಕಡೆ ಬಿಟ್ಟು ಜನವಿಲ್ಲದ ಮರಳದಿಬ್ಬದತ್ತ ದೋಣಿ ತಿರುಗಿಸಿದರು.

ಅತ್ತೆ ಚಿನ್ನದ ಬಳೆ ಕಳಚಿ ಕೂಸಿನ ಬಟ್ಟೆಯೊಳಗೆ ತುರುಕಿದರು. "ಅಲ್ಲಿ ಇವನ ಕಡೆಯೋರು ಕಾಯ್ತಿದಾರೆ ಕಣೇ," ಎಂದು ನನ್ನ ಕಿವಿಯಲ್ಲಿ ಉಸುರಿದರು. ನನ್ನ ಎದೆಯೂ ಅದನ್ನೇ ಹೇಳುತ್ತಿತ್ತು... ಸಾಬರು ಚುಕ್ಕಾಣಿಯತ್ತ ಬಗ್ಗಿದ್ದೇ ತಡ, ಅತ್ತೆ ಕೈಗೆಟುಕಿದ ಗಂಟುಗಳನ್ನೆಲ್ಲ ಎಳೆದು ಬಿಚ್ಚಿಬಿಟ್ಟರು.

ಆಗಲೇ ಗಾಳಿ ಬಡಿಯಿತು. ಮಡಿಕೆ ಬಿಚ್ಚಿದ ಹಾಯಿ ಉಬ್ಬಿಕೊಂಡಿತು. ದೋಣಿ ಒಂದು ಮಗ್ಗುಲಿಗೆ ವಾಲಿ ನೀರು ನುಗ್ಗಿತು. ನಾನು ಕೂಸನ್ನು ಮೇಲೆತ್ತಿ ಹಿಡಿದೆ. ಸಾಬರು ಹಾಯಿಯ ಹಗ್ಗ ಸಡಿಲಬಿಟ್ಟು, ಪಟಪಟ ಬಡಿಯುತ್ತಿದ್ದ ಬಟ್ಟೆಯನ್ನು ಎದೆಗವಚಿ ಮತ್ತೆ ಕಟ್ಟಿದರು. ಅವರ ಅಂಗೈ ಸುಲಿದು ರಕ್ತ ಸುರಿಯುತ್ತಿತ್ತು. ದೋಣಿ ದಿಬ್ಬದ ಮರೆ ಸೇರಿತು; ಅಲ್ಲಿ ಗಾಳಿಯೂ ಇರಲಿಲ್ಲ, ಅಲೆಯೂ ಇರಲಿಲ್ಲ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಗಂಡ ಗಾಡಿ ಬಿಟ್ಟು ದಡದಗುಂಟ ಓಡಿಬಂದರು. "ಇವ್ನು ನಮ್ಮನ್ನ ಮುಳುಗ್ಸಾಕೆ ನೋಡ್ದ ಕಣೋ," ಎಂದರು ಅತ್ತೆ. ಗಂಡ ಬಾರುಕೋಲು ಎತ್ತಿದರು. ಅತ್ತೆಯೆದುರು ಅಲ್ಲಿಯವರೆಗೂ ತುಟಿ ಬಿಚ್ಚದಿದ್ದ ನಾನು, "ಗಂಟು ಬಿಚ್ಚಿದ್ದು ಅತ್ತೆ. ಅವ್ರು ಕಟ್ಟಿದ್ದಕ್ಕೇ ನಿಮ್ಮ ಕೂಸು ಉಳಿದೈತೆ," ಎಂದುಬಿಟ್ಟೆ.

ಕೋಲು ಕೆಳಗಿಳಿಯಿತು. ಸಾಬರು ಅಂಗೈಗೆ ರುಮಾಲು ಸುತ್ತಿಕೊಳ್ಳುತ್ತ, "ಗಾಳಿ ಹೊಡೆದ ಮ್ಯಾಲೆ ಕಟ್ಟಾಕೆ ಹೋದ್ರೆ ಹಿಂಗಾಗ್ತೈತವ್ವಾ, ಮುಂಚೆನೇ ಕಟ್ಬೇಕು. ಅದನ್ನ ನಾನು ಹೇಳ್ಬೇಕಿತ್ತು," ಎಂದರು.

ಊರಿಗೆ ಮುಟ್ಟಿದ್ದು ಮಾತ್ರ ಬೇರೆಯೇ ಸುದ್ದಿ: ಸಾಬರ ದೋಣಿ ಮಗುಚುತ್ತಿತ್ತಂತೆ. ಹತ್ತುವವರು ಕಡಿಮೆಯಾದರು. ದೀಪಾವಳಿಗೆ ತವರಿಗೆ ಹೋದಾಗ ದೋಣಿಯೂ ಇರಲಿಲ್ಲ, ಅವರೂ ಇರಲಿಲ್ಲ. ಮುಂಬಯಿಗೆ ಹೋಗಿರಬೇಕು ಎಂದರು... ಅತ್ತೆ ಆಮೇಲೆ ಎಂದೂ ಹೊಳೆ ದಾಟಲಿಲ್ಲ.

ಈಗ ದೋಣಿ ಯಾರಿಗೂ ಬೇಕಿಲ್ಲ. ಹೊನ್ನಾಳಿಯ ಸೇತುವೆ ದಾಟಿ ಬಸ್ಸು ಬರುತ್ತದೆ. ಹೋದ ವರ್ಷ ಆ ಓಣಿಗೆ ಹೋಗಿ ಸಾಬರ ಮನೆಯಿದ್ದ ಜಾಗದಲ್ಲಿ ಬಾಗಿಲು ತಟ್ಟಿ, ದೋಣಿ ಸಾಬರು ಎಲ್ಲಿದ್ದಾರೆ ಎಂದು ಕೇಳಿದೆ. ಒಬ್ಬ ಹೆಣ್ಣುಮಗಳು ಅರ್ಧ ಬಾಗಿಲು ತೆರೆದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕಜ್ಜಿ, ಅವರು ನಿಮಗೆ ಏನಾಗಬೇಕು?"

ಏನೆಂದು ಹೇಳಲಿ? ನಾನು ಮಾತು ಹುಡುಕುವಷ್ಟರಲ್ಲಿ ಅವಳು ಅಗುಳಿ ಹಾಕಿಕೊಂಡಳು.