ಕುದುರೆ ಬಾಟ್ಲಿಯ ಆಣೆ

ಪಂಚಾಕ್ಷರಿ ಬೀರು ಬಿಟ್ಟ ಕಥೆಯನ್ನು ನಮ್ಮ ರಾಜಾಜಿನಗರದ ವಠಾರದಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಅವನು ಬಿಡಲಿಲ್ಲ, ಬಿಡಿಸಿದರು. ಬಿಡಿಸಿದ ರೀತಿ ಇದೆಯಲ್ಲ, ಅದು ಮೋಸ.

ಚಿತ್ರದುರ್ಗದ ಕಡೆಯವನು. ಇಂಡಸ್ಟ್ರಿಯಲ್ ಎಸ್ಟೇಟಿನ ಸಣ್ಣ ಕಾರ್ಖಾನೆಯೊಂದರಲ್ಲಿ ಟರ್ನರ್. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಅಂಗಿಯಲ್ಲಿ ಸದಾ ಲೇತಿನ ಎಣ್ಣೆಯ ವಾಸನೆ. ನಮ್ಮೆರಡು ಮನೆಗೂ ನಡುವೆ ಒಂದೇ ಗೋಡೆ. ಹತ್ತು ಮಾತಿಗೆ ಒಂದು ಹೂಂ ಎನ್ನುವ ಮನುಷ್ಯ ಅವನು. ಮನೆಯಲ್ಲಂತೂ ಅದೂ ಇಲ್ಲ.

ಆದರೆ ಶನಿವಾರ ಬೇರೆ. ಅರ್ಧ ದಿನದ ಕೆಲಸ ಮುಗಿಸಿ ಇಬ್ಬರೂ ಮಾಗಡಿ ರಸ್ತೆಯಲ್ಲಿದ್ದ ವೆಂಕಟಗಿರಿಯ ರೆಸ್ಟೋರೆಂಟಿಗೆ ಹೋಗುತ್ತಿದ್ದೆವು. ಅಲ್ಲಿ ಬೀರಿನ ಹೆಸರು ಹೇಳಿ ಕೇಳುವವರಿಲ್ಲ, ಲೇಬಲ್ಲಿನ ಚಿತ್ರ ಹೇಳಿದರೆ ಸಾಕು. ಕುದುರೆ, ಹುಂಜ, ನಕ್ಷತ್ರ. ನನಗೆ ಹುಂಜ, ಅವನಿಗೆ ಕುದುರೆ. ಒಂದೇ ಬಾಟ್ಲಿ, ಜೊತೆಗೆ ಹುರಿದ ಕಡಲೆಬೀಜ. ಬಾಟ್ಲಿ ಅರ್ಧಕ್ಕೆ ಬರುವಷ್ಟರಲ್ಲಿ ಪಂಚಾಕ್ಷರಿಗೆ ಬಾಯಿ ಬರುತ್ತಿತ್ತು. ಊರು, ಸತ್ತುಹೋದ ಅಪ್ಪ, ಫೋರ್‌ಮನ್ನಿನ ಕಿರಿಕಿರಿ, ಹೆಂಡತಿ ಶಿವಗಂಗಮ್ಮ ತಟ್ಟುವ ರೊಟ್ಟಿ, ಆಕೆ ಒಬ್ಬರೇ ಇದ್ದಾಗ ಮೆಲ್ಲಗೆ ಹಾಡಿಕೊಳ್ಳುವುದು, ಎಲ್ಲ ಹೊರಗೆ. ಅವನು ಅಷ್ಟು ಚೆನ್ನಾಗಿ ಮಾತಾಡುತ್ತಾನೆಂದು ವಠಾರದಲ್ಲಿ ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಒಂದು ಶನಿವಾರ ಶಿವಗಂಗಮ್ಮನವರಿಗೆ ವಾಸನೆ ತಿಳಿಯಿತು. ಅತ್ತರು, ಊಟ ಬಿಟ್ಟರು. ಇವತ್ತು ಬೀರು, ನಾಳೆ ಬ್ರಾಂದಿ, ನಾಡಿದ್ದು ಸಂಸಾರ ಬೀದಿಗೆ ಎಂದರು. ಮರುದಿನ ಪೂಜೆಗೆ ಕೂತ ಪಂಚಾಕ್ಷರಿ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಆಣೆ ಮಾಡಿದ. ವಾರಕ್ಕೊಂದು ಬೀರು, ಅದಕ್ಕಿಂತ ಮುಂದೆ ಹೋಗುವುದಿಲ್ಲ ಎನ್ನುವುದು ಅವನ ಮನಸ್ಸಿನಲ್ಲಿದ್ದದ್ದು. ಆದರೆ ಕೈಯಲ್ಲಿ ಲಿಂಗ ಹಿಡಿದು ಬೀರು ಎನ್ನಲು ನಾಲಿಗೆ ಹೊರಳಲಿಲ್ಲ. ವಾರಕ್ಕೊಂದು ಕುದುರೆ, ಕುದುರೆ ಬಿಟ್ಟು ಬೇರೇನೂ ಮುಟ್ಟಲ್ಲ ಎಂದುಬಿಟ್ಟ. ಕುದುರೆ ಅಂದರೆ ಏನು ಎಂದು ಆಕೆ ಕೇಳಿ ತಿಳಿದುಕೊಂಡರು. ಆಮೇಲೆ ಕಣ್ಣೊರೆಸಿಕೊಂಡು ಒಲೆ ಹಚ್ಚಿದರು.

ಎಮರ್ಜೆನ್ಸಿ ಮುಗಿದ ವರ್ಷದ ಬೇಸಿಗೆ. ಕುದುರೆ ಬರುವುದು ನಿಂತುಹೋಯಿತೆಂದು ವೆಂಕಟಗಿರಿ ಹೇಳಿದ. ಹುಂಜ, ನಕ್ಷತ್ರ ಎರಡನ್ನೂ ತಂದು ಮೇಜಿನ ಮೇಲಿಟ್ಟ. ಬಾಟ್ಲಿಗಳು ತಣ್ಣಗೆ ಬೆವರುತ್ತಿದ್ದವು. ಪಂಚಾಕ್ಷರಿ ಅವನ್ನು ನೋಡಿದ, ಗೋಲಿ ಸೋಡಾ ಕೇಳಿದ. ನನಗೆ ರೇಗಿತು. ಎಲ್ಲ ಬೀರೂ ಬೀರೇ ಅಲ್ಲವೇನೋ, ದೇವರು ಲೇಬಲ್ ನೋಡುತ್ತಾನಾ ಎಂದೆ.

"ಬಾಯಲ್ಲಿ ಬಂದಿದ್ದು ಕುದುರೆ ತಾನೆ ಗುರು" ಎಂದ, ಅಷ್ಟೆ.

ಮೆಜೆಸ್ಟಿಕ್ಕಿನಲ್ಲಿ ಹುಡುಕೋಣ ಎಂದರೆ ಅದಕ್ಕೂ ಇಲ್ಲ. ಬಸ್ಸು ಹತ್ತಿ ಹೋಗಿ ಕುಡಿಯುವವನು ಕುಡುಕ ಎನ್ನುವುದು ಅವನ ಲೆಕ್ಕ. ಶನಿವಾರ ಶನಿವಾರ ಬಂದು, ಕುದುರೆ ಬಂತಾ ಎಂದು ಕೇಳಿ, ಸೋಡಾ ಕುಡಿದು ಎದ್ದುಹೋಗುತ್ತಿದ್ದ. ಸೋಡಾಕ್ಕೆ ಅವನ ಬಾಯಿ ಬಿಡಿಸುವ ಶಕ್ತಿ ಇರಲಿಲ್ಲ. ನಾನೊಬ್ಬನೇ ಮಾತಾಡಿ ಸಾಕಾಗಿ ಸುಮ್ಮನಾಗುತ್ತಿದ್ದೆ.

ಮಳೆ ಹಿಡಿದ ಮೇಲೆ ಒಂದು ಶನಿವಾರ ಮಧ್ಯಾಹ್ನ ಕೈ ತೊಳೆಯಲು ರೆಸ್ಟೋರೆಂಟಿನ ಹಿತ್ತಲಿಗೆ ಹೋದ ಪಂಚಾಕ್ಷರಿ ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಖಾಲಿ ಬಾಟ್ಲಿಗಳ ಕ್ರೇಟಿನ ಮುಂದೆ ನಿಂತಿದ್ದಾನೆ. ಕ್ರೇಟಿನ ತುಂಬ ಕುದುರೆ. ಲೇಬಲ್ಲುಗಳು ಹೊಚ್ಚ ಹೊಸವು.

ನಾನು ವೆಂಕಟಗಿರಿಯನ್ನು ಕೂಗಿ ಬಾಯಿಗೆ ಬಂದಂತೆ ಬೈದೆ. ಊರಿಗೆಲ್ಲ ಕೊಟ್ಟು ಇವನಿಗೆ ಮಾತ್ರ ಇಲ್ಲ ಎನ್ನಲು ಇವನೇನು ಪಾಪ ಮಾಡಿದ್ದ ಎಂದು ಕೇಳಿದೆ. ವೆಂಕಟಗಿರಿ ತಲೆ ತಗ್ಗಿಸಿದ. ನಾವು ಬರುವ ಹೊತ್ತಿಗೆ ಕುದುರೆಯನ್ನೆಲ್ಲ ಅಡುಗೆ ಮನೆಯೊಳಗೆ ಸರಿಸಿಡುತ್ತಿದ್ದನಂತೆ.

"ಇವರ ಮನೆಯೋರೇ ಈ ಹಿತ್ತಲ ಬಾಗಿಲಿಗೆ ಬಂದು ಕೈ ಮುಗಿದ್ರು ಸಾರ್. ನಮ್ಮೋರಿಗೆ ಕುದುರೆ ಇಲ್ಲ ಅಂದ್ಬಿಡಿ ಅಣ್ಣ, ಅಷ್ಟು ಸಾಕು ಅಂದ್ರು. ನಾನೇನ್ ಮಾಡ್ಲಿ?"

ಪಂಚಾಕ್ಷರಿ ಮಳೆಯಲ್ಲೇ ಮನೆಗೆ ನಡೆದ. ನಾನು ಹಿಂದೆ ಹಿಂದೆ. ಅವತ್ತು ಗೋಡೆಯಾಚೆ ಜಗಳವೇನೂ ಆಗಲಿಲ್ಲ, ದನಿ ಕೂಡ ಏರಲಿಲ್ಲ. ನೀನೇ ಹೋಗಿ ಹೇಳಿದ್ಯಾ ಎಂದು ಕೇಳಿದ. ಆಕೆ ಇಲ್ಲವೆನ್ನಲಿಲ್ಲ.

"ನೀವು ಆಣೆ ಮುರಿಯೋರಲ್ಲ ಅಂತ ಗೊತ್ತಿತ್ತು ಕಣ್ರೀ. ಮುರಿಯೋರಾಗಿದ್ರೆ ನಾನು ಹೋಗ್ತಾನೇ ಇರ್ಲಿಲ್ಲ."

ಆಮೇಲೆ ಅವನ ದನಿ: "ಹಂಗಾದ್ರೆ ನನ್ನ ನಿಯತ್ತನ್ನೇ ಹಿಡ್ಕೊಂಡು ನನಗೆ ಮೋಸ ಮಾಡ್ದೆ."

ಮುಂದಿನ ಶನಿವಾರ ಶಿವಗಂಗಮ್ಮನವರೇ ನಮ್ಮ ಬಾಗಿಲಿಗೆ ಬಂದು, ಇವರನ್ನು ನೀವು ಕರೆದುಕೊಂಡು ಹೋಗಬೇಕು, ವೆಂಕಟಗಿರಿಗೆ ಹೇಳಿದ್ದೇನೆ, ಕುದುರೆ ಕೊಡುತ್ತಾನೆ ಎಂದರು. ನಾನು ಕರೆದರೂ ಪಂಚಾಕ್ಷರಿ ಬರಲಿಲ್ಲ. ಕುದುರೆ ಸತ್ತುಹೋಯಿತೆಂದು ಹೇಳು ಎಂದ. ಅಲ್ಲಿಂದೀಚೆಗೆ ಶನಿವಾರವೂ ಓವರ್‌ಟೈಮ್ ಮಾಡುತ್ತಾನೆ. ಬರುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. ವಠಾರದ ಹೆಂಗಸರು ಶಿವಗಂಗಮ್ಮ ಪುಣ್ಯವಂತೆ ಎನ್ನುತ್ತಾರೆ. ಗೋಡೆಯಾಚೆಯಿಂದ ಈಗ ಪಾತ್ರೆ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ.

ಮೊನ್ನೆ ಆಕೆ ನನ್ನ ಹೆಂಡತಿಯನ್ನು ಕೇಳಿದರಂತೆ, ವೆಂಕಟಗಿರಿ ಹೇಳಿದ, ಇವರು ಅಲ್ಲಿ ಅಷ್ಟೊಂದು ಮಾತಾಡುತ್ತಿದ್ದರಂತಲ್ಲ, ಏನು ಮಾತಾಡುತ್ತಿದ್ದರು ಎಂದು. ನಾನು ಉತ್ತರ ಹೇಳಿ ಕಳಿಸಲಿಲ್ಲ. ಹೆಚ್ಚಾಗಿ ಅವನು ಮಾತಾಡುತ್ತಿದ್ದದ್ದು ಆಕೆಯ ಬಗ್ಗೆಯೇ.