ಒಂದು ನಾಯಿ ಕಟ್ಟಿ ನೋಡಿ

ಕಳೆದ ಸೋಮವಾರ ಸಂಜೆ ಪಕ್ಕದ ಮನೆಯ ನಜ್ಮಾ ಎಂದಿನಂತೆ ಜಗುಲಿಯಲ್ಲಿ ಹದಿನಾಲ್ಕು ಚಾಪೆ ಹಾಸಿದಳು. ಟ್ಯೂಷನ್‌ಗೆ ಬಂದ ಮಕ್ಕಳು ಇಬ್ಬರು.

ನಜ್ಮಾ ಗಣಿತ ಹೇಳಿಕೊಟ್ಟರೆ ಕಲ್ಲಿಗೂ ಮಗ್ಗಿ ಬರುತ್ತದೆ ಅಂತ ಹಿರಿಯೂರಿನ ನಮ್ಮ ಬೀದಿಯಲ್ಲಿ ಮಾತಿದೆ. ಅಂಥವಳ ಚಾಪೆ ಖಾಲಿ ಯಾಕೆ?

"ಮಾಮ, ನಂಗೆ ಹಿಂದೆ ಟಿಬಿ ಆಗಿತ್ತಲ್ಲ, ಅದು ಎಲ್ಲರಿಗೂ ಗೊತ್ತಾಗ್ಬಿಟ್ಟೈತೆ" ಅಂದಳು. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಆಗಿದ್ದಿಷ್ಟು. ಊರಿನ ಒಂದು ಖಾಸಗಿ ಲ್ಯಾಬಿನವರು ರಿಪೋರ್ಟ್ ನೋಡಲು ಆ್ಯಪ್ ಮಾಡಿದ್ದಾರೆ. ಮೊಬೈಲ್ ನಂಬರ್ ಹಾಕಬೇಕು, ಆ ಫೋನಿಗೆ ಓಟಿಪಿ ಬರಬೇಕು, ಅದನ್ನು ಒತ್ತಿದ ಮೇಲೆ ರಿಪೋರ್ಟ್. ಆದರೆ ಹಿಂದಿನ ಶುಕ್ರವಾರ ಅದು ಓಟಿಪಿಯನ್ನೇ ಕೇಳಲಿಲ್ಲ. ಯಾರ ನಂಬರ್ ಹಾಕಿದರೂ ಅವರ ರಿಪೋರ್ಟ್! ಟ್ಯೂಷನ್ ಮೇಡಂ ನಂಬರ್ ಎಲ್ಲಾ ಅಮ್ಮಂದಿರ ಫೋನಿನಲ್ಲೂ ಇರುತ್ತದಲ್ಲ. ಯಾರೋ ಒಬ್ಬರು ಸುಮ್ಮನೆ ಹಾಕಿ ನೋಡಿದರು. (ಸುಮ್ಮನೆ! ಎಂಥಾ ಸುಮ್ಮನೆ ಅದು?) ಸಂಜೆಯೊಳಗೆ ವಾಟ್ಸಾಪ್ ಗ್ರೂಪಿನಲ್ಲಿ ರಿಪೋರ್ಟಿನ ಫೋಟೋ.

"ವಾಸಿ ಆಗೈತೆ ಅನ್ನೋ ರಿಪೋರ್ಟೂ ಅದರ ಕೆಳಗೇ ಐತೆ ಮಾಮ. ಅದನ್ನ ಯಾರೂ ತೆಗೆದು ನೋಡ್ಲಿಲ್ಲ."

ಮರುದಿನ ಬೆಳಿಗ್ಗೆಯೇ ಲ್ಯಾಬಿಗೆ ಹೋದೆ. ಮ್ಯಾನೇಜರು ಮರ್ಯಾದಸ್ತ. "ಬರ್ರಿ ಸರ್, ಕುಂತ್ಕಳ್ರಿ, ಟೀ ತರಸ್ಲಾ?" ಅಂದರು. ಟೀ ಬೇಡ, ಉತ್ತರ ಬೇಕು ಅಂದೆ.

"ನಮ್ದು ಎರಡು ಕ್ಲೌಡ್ ಸರ್. ಬೇರೆ ಬೇರೆ ಕಂಪನಿದು. ಒಂದು ಬಿದ್ರೆ ಇನ್ನೊಂದು ಎತ್ಕಂತೈತೆ. ಶುಕ್ರವಾರ ಮೊದಲನೇದು ಬಿತ್ತು. ಆದ್ರೂ ರಿಪೋರ್ಟು ಒಂದು ನಿಮಿಷ ನಿಂತಿಲ್ಲ!"

(ಕ್ಲೌಡ್ ಅಂದರೆ ಆಕಾಶದ ಮೋಡವಲ್ಲ. ಎಲ್ಲೋ ಇರುವ ಯಾರದೋ ಕಂಪ್ಯೂಟರು, ನಮಗೆ ಬಾಡಿಗೆಗೆ.)

"ಮತ್ತೆ ಓಟಿಪಿ?"

"ಅದನ್ನ ಕೇಳೋ ಕೆಲಸ ಮೊದಲನೇದ್ರಾಗೆ ಮಾತ್ರ ಇತ್ತು ಸರ್. ಅದು ಬಿತ್ತಲ್ಲ..."

"ಕಾಯೋನು ಬಿದ್ದ ಮೇಲೆ ಬಾಗಿಲು ಹಾಕಬೇಕಿತ್ತಲ್ರೀ?"

"ಕಸ್ಟಮರ್‌ಗೆ ತೊಂದ್ರೆ ಆಗಬಾರ್ದು ಅಂತ ಆ್ಯಪ್ ಮಾಡಿದೋರು ತೆರೆದೇ ಇಟ್ಟಿದ್ರು."

"ಒಂದನ್ನ ಬೇಕಂತ ಬೀಳಿಸಿ, ಇನ್ನೊಂದು ಏನು ಮಾಡುತ್ತೆ ಅಂತ ಯಾವತ್ತಾದರೂ ನೋಡಿದ್ರಾ?"

ಮ್ಯಾನೇಜರು ನನ್ನನ್ನು ಅರೆಹುಚ್ಚನಂತೆ ನೋಡಿದರು. "ನಡೀತಿರೋದನ್ನ ಯಾರಾದ್ರೂ ಬೇಕಂತ ಬೀಳಿಸ್ತಾರಾ ಸರ್?"

ಬೀಳಿಸುತ್ತಾರೆ ಸ್ವಾಮಿ! ಐಮಂಗಲದ ಕಡೆ ಕುರಿ ಕಾಯುತ್ತಿದ್ದ ನಮ್ಮ ತಾತ ಬೀಳಿಸುತ್ತಿದ್ದ.

ತಾತನ ಕುರಿಹಟ್ಟಿಗೆ ಎರಡು ನಾಯಿ, ಕರಿಯ ಮತ್ತು ಕೆಂಚಿ. ಎರಡೂ ಒಟ್ಟಿಗೆ ಬೊಗಳಿದರೆ ತೋಳವೇ ದಾರಿ ಬದಲಿಸಬೇಕು, ಹಾಗಿತ್ತು ಸದ್ದು. ಆದರೂ ತಾತನಿಗೆ ಒಂದು ಪದ್ಧತಿ. ಆಗಾಗ ಹಾಡಹಗಲೇ ಒಂದು ನಾಯಿಯನ್ನು ದೂರದ ಹೊಲದಲ್ಲಿ ಕಟ್ಟಿ, ಪರವೂರಿನ ಯಾರಾದರೂ ಪರಿಚಯದವರಿಗೆ ಕಂಬಳಿ ಹೊದಿಸಿ, "ಕಳ್ಳನಂಗೆ ಹಟ್ಟಿಗೆ ನುಗ್ರಿ" ಅನ್ನುತ್ತಿದ್ದ.

ಅಜ್ಜಿ ರೇಗುತ್ತಿದ್ದಳು. "ಕಳ್ಳ ತಾನಾಗೇ ಬರ್ತಾನೆ, ನೀನ್ಯಾಕೆ ಕಂಬಳಿ ಕೊಟ್ಟು ಕರೀತೀಯ ಮುದುಕ?"

ಒಮ್ಮೆ ಕರಿಯನನ್ನು ಕಟ್ಟಿದ್ದ. ಕಂಬಳಿಯವನು ಬೇಲಿ ದಾಟಿ ಬಂದ. ಕೆಂಚಿ ಎದ್ದಿತು, ಮೂಸಿತು, ಬಾಲ ಅಲ್ಲಾಡಿಸಿತು. ಅವನು ಒಂದು ಮರಿಯನ್ನು ಹೆಗಲಿಗೇರಿಸಿಕೊಂಡು ಹೊರಟರೆ ಬೇಲಿಯವರೆಗೆ ಜೊತೆಗೂ ಹೋಯಿತು!

ತಾತ ತಲೆಗೆ ಕೈ ಹೊತ್ತು ಹೇಳಿದ್ದು ನನಗಿನ್ನೂ ನೆನಪಿದೆ. "ಇಷ್ಟು ದಿನ ಇದು ಕಳ್ಳನ್ನ ಕಂಡು ಬೊಗಳಿಲ್ಲ ಕಣ್ಲೇ. ಕರಿಯ ಬೊಗಳ್ತಾನೆ ಅಂತ ಬೊಗಳ್ತಿತ್ತು."

ಆ ದಿನ ಮರಿ ಉಳಿಯಿತು. ಯಾಕೆಂದರೆ ಕಂಬಳಿಯೊಳಗೆ ಇದ್ದವನು ನಮ್ಮವನು. ಆಮೇಲೆ ತಾತ ಕೆಂಚಿಯನ್ನು ತಿದ್ದಿದ. ತಿದ್ದಿದ ಮೇಲೂ ಸುಮ್ಮನಾಗದೆ ಮತ್ತೆ ಕಟ್ಟಿ ನೋಡಿದ.

ಕಂಪ್ಯೂಟರಿನ ಲೋಕದಲ್ಲೂ ಇದೇ ಕೆಲಸವಿದೆ. ತಿಳಿದವರು ಒಂದು ದಿನ ಗೊತ್ತು ಮಾಡಿಕೊಂಡು, ಸುಳ್ಳು ಹೆಸರಿನ ರಿಪೋರ್ಟುಗಳನ್ನು ತುಂಬಿ, ಒಂದು ಕ್ಲೌಡನ್ನು ತಾವೇ ಕೆಡವುತ್ತಾರೆ. ಇನ್ನೊಂದು ಎದ್ದಿತೇ ಅಂತಷ್ಟೇ ನೋಡುವುದಿಲ್ಲ, ಎದ್ದದ್ದು ಬೀಗ ಹಾಕಿಕೊಂಡು ಎದ್ದಿತೇ ಅಂತಲೂ ನೋಡುತ್ತಾರೆ. ಲ್ಯಾಬಿನವರು ಎರಡು ನಾಯಿ ಸಾಕಿದ್ದೇವೆ ಅಂತ ಬೋರ್ಡ್ ಬರೆಸಿದರು. ಕಟ್ಟಿ ನೋಡಲು ಸೋಮಾರಿತನ. ನಮ್ಮ ರಕ್ತ, ಕಫ, ಸಂಕಟ ಎಲ್ಲ ಇಟ್ಟುಕೊಳ್ಳುವವರಿಗೆ ಒಬ್ಬ ಕುರಿಗಾಹಿಗೆ ಇದ್ದ ಅನುಮಾನವೂ ಬೇಡವೇ?

ಇನ್ನು ಆ ಅಮ್ಮಂದಿರು. ಬೀಗ ಇಲ್ಲ ಅಂದಮಾತ್ರಕ್ಕೆ ಇನ್ನೊಬ್ಬರ ಮನೆಯೊಳಗೆ ನುಗ್ಗಬಹುದಾ ತಾಯಿ? ಅದೂ ನಿಮ್ಮ ಮಗುವಿಗೆ ಭಾಗಾಕಾರ ಕಲಿಸಿದವಳ ಮನೆಗೆ?

ನಿನ್ನೆ ಲ್ಯಾಬಿನಿಂದ ನಜ್ಮಾಗೆ ಮೆಸೇಜ್ ಬಂದಿದೆ: ತಾಂತ್ರಿಕ ಅಡಚಣೆಗೆ ವಿಷಾದ, ಈಗ ಎಲ್ಲ ಸರಿಯಾಗಿದೆ. ಅವಳು ಅದನ್ನು ನನಗೆ ತೋರಿಸಿ, ಎರಡು ಚಾಪೆ ಬಿಟ್ಟು ಉಳಿದವನ್ನು ಸುತ್ತಿಟ್ಟಳು.

ಲ್ಯಾಬಿನ ಒಂದು ಕ್ಲೌಡ್ ಬಿದ್ದರೆ ಎತ್ತಿಕೊಳ್ಳಲು ಎರಡನೇ ಕ್ಲೌಡ್ ಇದೆ; ನಜ್ಮಾಳ ಹೆಸರು ಬಿದ್ದಿದೆ, ಎರಡನೇ ಹೆಸರನ್ನು ಯಾವ ಕಂಪನಿ ಬಾಡಿಗೆಗೆ ಕೊಡುತ್ತದೆ?